ಇದರ ಮೇಲೆ ಏನಿಡ್ತೀರಿ?

ಟೀಪಾಯಿ ಎಂಬ ಪದದೊಳಗೆ ಟೀ ಇಲ್ಲ. ಹಿಂದಿಯ ತಿಪಾಯಿ, ಅಂದರೆ ಮೂರು ಕಾಲಿನದು, ಇಂಗ್ಲಿಷರ ಬಾಯಿಗೆ ಬಿದ್ದು ಟೀಪಾಯ್ ಆಯಿತು. ಅವರು ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರಾದ್ದರಿಂದ ಹೆಸರಿಗೂ ಚಹಾಕ್ಕೂ ನಂಟಿದೆ ಎಂದು ಎಲ್ಲರೂ ನಂಬಿದರು. ಕನ್ನಡದ ಮನೆಗಳಿಗೆ ಬರುವ ಹೊತ್ತಿಗೆ ಅದಕ್ಕೆ ನಾಲ್ಕನೆಯ ಕಾಲು ಮೂಡಿತ್ತು, ಮೇಲೆ ಕಾಫಿ ಲೋಟ ಬಂದು ಕೂತಿತ್ತು. ಹೆಸರಿನಲ್ಲಿ ಮೂರು ಕಾಲು, ಮೈಯಲ್ಲಿ ನಾಲ್ಕು. ಹೆಸರಿನಲ್ಲಿ ಟೀ, ಮೇಲೆ ಕಾಫಿ. ಇಷ್ಟು ಗೊಂದಲ ಹೊತ್ತುಕೊಂಡೂ ನಡುಮನೆಯ ಮಧ್ಯದಲ್ಲಿ ಯಜಮಾನನಂತೆ ನಿಂತಿರುವ ಸಾಮಾನು ಬೇರೊಂದಿಲ್ಲ.

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ ದಾಟಿ ಪಶ್ಚಿಮಕ್ಕೆ ಬಂದರೆ ಸಿಗುವ ಸುಂಕದಕಟ್ಟೆಯಲ್ಲಿ ಈ ಯಜಮಾನಿಕೆಯ ತೊಂದರೆ ಚೆನ್ನಾಗಿ ಕಾಣುತ್ತದೆ. ಮುಖ್ಯರಸ್ತೆ ಬಿಟ್ಟು ಒಳಗೆ ಹೊರಳಿದರೆ 20×30 ಅಡಿಯ ನಿವೇಶನಗಳಲ್ಲಿ ಒಂದಕ್ಕೊಂದು ಭುಜ ತಾಗಿಸಿ ಎದ್ದ ಮನೆಗಳು. ಕೆಳಗೆ ಮಾಲೀಕರು, ಮೇಲಿನ ಮಹಡಿಗಳಲ್ಲಿ ಬಾಡಿಗೆಯವರು. ಹಾಲ್ 10 ಅಡಿಗೆ 12 ಅಡಿ ಇದ್ದರೆ ಅದೇ ದೊಡ್ಡದು. ಒಂದು ಗೋಡೆಗೆ ಸೋಫಾ ಒರಗಿಸಿದರೆ ಮೂರಡಿ ಹೋಯಿತು. ಎದುರು ಗೋಡೆಗೆ ಟೀವಿಯ ಸ್ಟ್ಯಾಂಡು, ಒಂದೂವರೆ ಅಡಿ. ಉಳಿದ ಐದೂವರೆ ಅಡಿಯ ನಡುವೆ ಎರಡಡಿ ಅಗಲದ ಗಾಜಿನ ಟೀಪಾಯಿ ಇಟ್ಟರೆ ಎರಡೂ ಬದಿಗೆ ಉಳಿಯುವುದು ಒಂದು ಮುಕ್ಕಾಲು ಅಡಿ. ಮನೆಯವರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. ಮಗುವಿನ ಹಣೆ ಆ ಗಾಜಿನ ಮೂಲೆಯ ಎತ್ತರಕ್ಕೇ ಬರುತ್ತದೆ.

ಹಾಗಾಗಿ ಈಚೆಗೆ ಜನ ದೊಡ್ಡ ಟೀಪಾಯಿಯನ್ನು ಹೊರಹಾಕಿ, ಸೋಫಾದ ಪಕ್ಕಕ್ಕೆ ಒಂದು ಪುಟ್ಟ ಮೇಜು, ಕಾಲು ಚಾಚಲು ಒಂದು ಪುಟ್ಟ ಮಣೆ ಎಂದು ಕೇಳತೊಡಗಿದ್ದಾರೆ. ಕೇಳುವ ರೀತಿ ಮಾತ್ರ ಹೀಗಿರುತ್ತದೆ. ಗೃಹಿಣಿ ಮೊಬೈಲಿನಲ್ಲಿ ಚಿತ್ರ ತೆರೆದು ಬಡಗಿಯ ಮುಂದೆ ಹಿಡಿಯುತ್ತಾರೆ:

"ಆಚಾರ್ರೇ, ನೋಡಿ, ಥೇಟ್ ಇದೇ ಥರ ಬೇಕು. ಬೇರೆ ಯಾರ ಮನೇಲೂ ಇರಬಾರದು."

"ಮಾಡೋಣ ಬಿಡಿ ಅಮ್ಮ. ಇದರ ಮೇಲೆ ಏನಿಡ್ತೀರಿ?"

"ಏನಿಡೋದು? ಹಾಲ್‌ಗೆ ಚೆನ್ನಾಗಿ ಕಾಣಲಿ ಅಂತ ಅಷ್ಟೆ."

ಚಿತ್ರದಲ್ಲಿರುವಂಥದೇ ಬೇಕು, ಆದರೆ ಬೇರೆ ಯಾರ ಮನೆಯಲ್ಲೂ ಇರಬಾರದು. ಈ ಎರಡು ಬೇಡಿಕೆಗಳು ಒಂದೇ ಉಸಿರಿನಲ್ಲಿ ಬರುವುದು ಬಡಗಿಗಳಿಗೆ ಅಭ್ಯಾಸವಾಗಿಹೋಗಿದೆ. ಆದರೆ ಆಚಾರರು ಕೇಳಿದ ಪ್ರಶ್ನೆಯೇ ಇಡೀ ವಿನ್ಯಾಸಶಾಸ್ತ್ರದ ಮೊದಲ ಪಾಠ. ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕೋರಿಕೆಯ ಮೇಲೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಅತಿ ಹೆಚ್ಚು ಮೆಚ್ಚಿದ ವಸ್ತು ಅರಮನೆಯ ಪೀಠೋಪಕರಣವಲ್ಲ, ಬಾವಿಕಟ್ಟೆಯ ಮೇಲಿನ ಲೋಟ, ಅಂದರೆ ನಮ್ಮ ಚೊಂಬು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು ಎಂಬ ಪ್ರಶ್ನೆಗಳನ್ನು ಅವರು ಸಾಲಾಗಿ ಪಟ್ಟಿ ಮಾಡಿದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. "ಇದರ ಮೇಲೆ ಏನಿಡ್ತೀರಿ" ಎಂದು ಕೇಳುವ ಆಚಾರರು ಆ ಸಂಸ್ಥೆಯ ಬಾಗಿಲು ಕಂಡವರಲ್ಲ, ಆದರೆ ಪ್ರಶ್ನೆ ಅದೇ.

ಆ ಪ್ರಶ್ನೆಗೆ ಕನ್ನಡದ ಮನೆಗಳು ಬಹು ಹಿಂದೆಯೇ ಉತ್ತರ ಕೊಟ್ಟಿದ್ದವು. ಊಟದ ತಟ್ಟೆ ಇಡಲು ಅಡ್ಡಣಿಗೆ ಎಂಬ ಮೂರು ಕಾಲಿನ ಪೀಠವಿತ್ತು. ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲದ ಮೇಲೆ ಕೂತವನ ಕೈಗೆ ತಟ್ಟೆ ಎಟುಕಬೇಕು, ಬೆನ್ನು ಹೆಚ್ಚು ಬಾಗಬಾರದು. ಅದಕ್ಕೆ ತಕ್ಕ ಎತ್ತರ. ಇಂದು ಅಂಗಡಿಯವರು ಸೈಡ್ ಟೇಬಲ್ ಎಂದು ಮಾರುವುದರ ಹಳೆಯ ನೆಂಟ ಅದು. ಇನ್ನು ಮಣೆ! ಕೂರಲು ಮಣೆ, ತೆಂಗಿನಕಾಯಿಗೆ ತುರಿಮಣೆ, ತರಕಾರಿಗೆ ಈಳಿಗೆಮಣೆ, ಚಪಾತಿಗೆ ಲಟ್ಟಣಿಗೆಯ ಜೊತೆಗಾರ ಮಣೆ, ಮಳೆಗಾಲದ ಮಧ್ಯಾಹ್ನಕ್ಕೆ ಅಳಗುಳಿಮಣೆ, ಮದುವೆಗೆ ಹಸೆಮಣೆ. ಯಾರಿಗಾದರೂ ಮರ್ಯಾದೆ ಕೊಟ್ಟರೆ "ಮಣೆ ಹಾಕಿದರು" ಎನ್ನುತ್ತೇವೆ. ಒಂದು ಹಲಗೆ, ಅದರಡಿ ಎರಡು ಪಟ್ಟಿ. ಇಷ್ಟು ಕಡಿಮೆ ಮರದಲ್ಲಿ ಇಷ್ಟೊಂದು ಅರ್ಥ ತುಂಬಿಕೊಂಡ ಪೀಠೋಪಕರಣ ಇನ್ನೊಂದು ಇದ್ದಂತಿಲ್ಲ. ಸೋಫಾದ ಮುಂದಿನ ಕಾಲುಮಣೆಗೆ ಬೇಕಾದ ಮಾದರಿಯೆಲ್ಲ ಇಲ್ಲೇ ಇದೆ.

ಊರಿನ ಹೆಸರಿನಲ್ಲೇ ಇರುವ ಕಟ್ಟೆಯೂ ಒಂದು ಬಗೆಯ ಪೀಠೋಪಕರಣವೇ, ಸುಂಕ ಕಟ್ಟುವವನೂ ಕೂರಬೇಕಲ್ಲ. ಹಳೆಯ ದಾರಿಗಳ ಪಕ್ಕದಲ್ಲಿ ಹೊರೆಗಲ್ಲುಗಳಿರುತ್ತಿದ್ದವು. ತಲೆಹೊರೆಯವರು ಯಾರ ಕೈಯ ಸಹಾಯವೂ ಇಲ್ಲದೆ ಹೊರೆಯನ್ನು ಸರಿಸಿ ಇಳಿಸಬಹುದಾದಷ್ಟೇ, ಮತ್ತೆ ತಲೆಗೇರಿಸಬಹುದಾದಷ್ಟೇ ಎತ್ತರಕ್ಕೆ ನಿಲ್ಲಿಸಿದ ಕಲ್ಲು. ದಾರಿಯ ಪಕ್ಕದ ಮೇಜು ಎಂದರೆ ಅದೇ. ಆ ಎತ್ತರವನ್ನು ಯಾವ ಪುಸ್ತಕ ನೋಡಿಯೂ ಇಟ್ಟದ್ದಲ್ಲ, ಮನುಷ್ಯನ ಮೈ ನೋಡಿ ಇಟ್ಟದ್ದು.

ಅಡ್ಡಣಿಗೆಗೆ ಮೂರೇ ಕಾಲು ಏಕೆ? ಮೂರು ಬಿಂದುಗಳ ಮೂಲಕ ಒಂದು ಸಮತಲ ಯಾವಾಗಲೂ ಹಾಯುತ್ತದೆ. ನಾಲ್ಕನೆಯ ಬಿಂದು ಅದೇ ಸಮತಲದಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಸೆಗಣಿ ಸಾರಿಸಿದ ಏರುಪೇರಿನ ನೆಲದಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ, ಮೂರು ಕಾಲಿನದು ಕುಂಟುವುದಿಲ್ಲ. ಹೋಟೆಲಿನಲ್ಲಿ ಮೇಜಿನ ಕಾಲಡಿ ಕಾಗದ ಮಡಿಸಿಟ್ಟವರಿಗೆಲ್ಲ ಇದು ಗೊತ್ತು. ಹಾಗೆಂದು ಮೂರು ಕಾಲು ಎಲ್ಲಕ್ಕೂ ಉತ್ತರವಲ್ಲ. ಹತ್ತನೇ ತರಗತಿಯ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. 18 ಇಂಚು ವ್ಯಾಸದ ದುಂಡು ಮೇಜಿನ ಅಂಚಿಗೇ ಮೂರು ಕಾಲುಗಳನ್ನು ಸಮನಾಗಿ ಹಚ್ಚಿದಿರಿ ಎನ್ನಿ. ಎರಡು ಕಾಲುಗಳನ್ನು ಸೇರಿಸುವ ಗೆರೆ ಕೇಂದ್ರದಿಂದ ಎಷ್ಟು ದೂರ? 9 ಇಂಚಿಗೆ ಕಾಸ್ 60 ಗುಣಿಸಿದರೆ 4.5 ಇಂಚು. ಅದರಾಚೆ ಭಾರ ಬಿದ್ದರೆ ಮೇಜು ಮಗುಚುವ ಸಂಭವ ಶುರು. ನಾಲ್ಕು ಕಾಲಾದರೆ ಕಾಸ್ 45, ಅಂದರೆ ಸುಮಾರು 6.4 ಇಂಚು. ಅಜ್ಜಿ ಸೋಫಾದಿಂದ ಏಳುವಾಗ ಪಕ್ಕದ ಮೇಜಿನ ಅಂಚಿಗೆ ಕೈ ಊರುವ ಮನೆಯಲ್ಲಿ ಈ ಎರಡು ಇಂಚಿನ ವ್ಯತ್ಯಾಸಕ್ಕೆ ಬಹಳ ಬೆಲೆ. ನುಣುಪಾದ ಟೈಲ್ಸ್ ನೆಲ, ವಯಸ್ಸಾದವರಿರುವ ಮನೆ ಎಂದರೆ ನಾಲ್ಕು ಕಾಲೇ ಒಳ್ಳೆಯದು. ಕಾಫಿ ಲೋಟವನ್ನಷ್ಟೇ ಹೊರುವುದಾದರೆ ಮೂರು ಸಾಕು. ಫಿನ್ಲೆಂಡಿನ ಆಲ್ವಾರ್ ಆಲ್ಟೊ 1933ರಲ್ಲಿ ಮಾಡಿದ ಪ್ರಸಿದ್ಧ ಸ್ಟೂಲಿಗೆ ಮೂರೇ ಕಾಲು. ಬಾಗಿಸಿದ ಬರ್ಚ್ ಮರದ ಕಾಲುಗಳು, ಒಂದರ ಮೇಲೊಂದು ಪೇರಿಸಿಟ್ಟರೆ ಹತ್ತು ಸ್ಟೂಲಿಗೂ ಒಂದೇ ಮೂಲೆ ಸಾಕು. ನೆಂಟರು ಬಂದಾಗ ಮಾತ್ರ ಆಸನ ಬೇಕಾಗುವ ಚಿಕ್ಕ ಹಾಲ್‌ಗೆ ಇದಕ್ಕಿಂತ ಬೇರೆ ಉಪಾಯ ಬೇಡ.

ಆದರೆ ಸುಂಕದಕಟ್ಟೆಯಂಥ ಕಡೆಯ ಮನೆಗಳಲ್ಲಿ ಟೀಪಾಯಿಯ ಮೇಲೆ ನಿಜವಾಗಿ ಇರುವುದು ಕಾಫಿ ಲೋಟವಲ್ಲ. ಸಂಜೆ ಆರರ ಮೇಲೆ ಅಲ್ಲಿರುವುದು ಗಣಿತದ ನೋಟ್ ಪುಸ್ತಕ. ಮಕ್ಕಳಿಗೆ ಬೇರೆ ಕೋಣೆಯಾಗಲಿ ಬೇರೆ ಮೇಜಾಗಲಿ ಇಲ್ಲದ ಮನೆಯಲ್ಲಿ ಎಸ್ಸೆಸ್ಸೆಲ್ಸಿಯ ಇಡೀ ವರ್ಷ ಟೀಪಾಯಿಯ ಮೇಲೆಯೇ ಕಳೆಯುತ್ತದೆ. ಇಲ್ಲಿಯೇ ಅದರ ಎತ್ತರ ಮೋಸ ಮಾಡುವುದು. ಬರೆಯುವ ಹಲಗೆ ಹೆಚ್ಚು ಕಡಿಮೆ ಮೊಣಕೈಯ ಮಟ್ಟಕ್ಕಿರಬೇಕು ಎಂಬುದು ಸರಳ ನಿಯಮ. ಅಂಗಡಿಯ ಟೀಪಾಯಿ ಸಾಮಾನ್ಯವಾಗಿ 16ರಿಂದ 18 ಇಂಚು. ಹುಡುಗಿ ಸೋಫಾದ ಮೇಲೆ ಕೂತು ಬರೆದರೆ ಆಕೆಯ ಮೊಣಕೈ ಹಲಗೆಗಿಂತ ಏಳೆಂಟು ಇಂಚು ಮೇಲಿರುತ್ತದೆ, ಬೆನ್ನು ಬಿಲ್ಲಾಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕೈ ಎಂಟು–ಒಂಬತ್ತು ಇಂಚಿನ ಮಟ್ಟದಲ್ಲಿ, ಹಲಗೆ ಅದಕ್ಕಿಂತ ಬಹಳ ಮೇಲೆ. ಭುಜ ಎರಡೂ ಕಿವಿಯ ಹತ್ತಿರ ಬರುತ್ತವೆ. ಮೇಲೆ ಕೂತವರಿಗೂ ಅಲ್ಲ, ಕೆಳಗೆ ಕೂತವರಿಗೂ ಅಲ್ಲ! ಅದು ನಿಜವಾಗಿ ಸರಿಹೊಂದುವುದು ಪತ್ರಿಕೆ, ರಿಮೋಟು, ಹೂದಾನಿಗಳಿಗೆ. ರಾತ್ರಿ ಹತ್ತರವರೆಗೆ ಅದರ ಮುಂದೆ ಬಾಗಿದ ಮಗು "ಕತ್ತು ನೋಯ್ತದಮ್ಮಾ" ಎಂದರೆ, ಓದು ತಪ್ಪಿಸಲು ನೆಪ ಎಂದು ಗದರುವ ಮುಂಚೆ ತಂದೆತಾಯಿ ಒಮ್ಮೆ ಟೇಪು ಹಿಡಿದು ಅಳೆಯುವುದು ಲೇಸು.

ಇದೇ ತೊಂದರೆ ಹಿರಿಯರಿಗೆ ಬೇರೆ ರೂಪದಲ್ಲಿ. ಸೋಫಾದ ಆಸನ ನೆಲದಿಂದ 17–18 ಇಂಚು. ಗಿಡ್ಡ ಮೈಕಟ್ಟಿನ ತಾಯಿಯ ಮಂಡಿಯ ಹಿಂಬದಿ ನೆಲದಿಂದ 15 ಇಂಚಿಗೇ ಇದ್ದರೆ ಪಾದ ನೆಲ ಮುಟ್ಟುವುದಿಲ್ಲ. ತೊಡೆಯ ಕೆಳಗೆ ಸೋಫಾದ ಅಂಚು ಒತ್ತಿ ಅರ್ಧ ಗಂಟೆಯಲ್ಲಿ ಕಾಲು ಜೋಮು. ಆಕೆಗೆ ಬೇಕಾದ ಕಾಲುಮಣೆ ಮೂರೇ ಇಂಚಿನದು, ಥೇಟು ಊಟದ ಮಣೆಯ ಎತ್ತರ. ಕಾಲನ್ನು ಉದ್ದಕ್ಕೆ ಚಾಚಿ ಮಲಗಿಸುವವರಿಗೆ ಬೇಕಾದದ್ದೇ ಬೇರೆ, ಆಸನದ ಮಟ್ಟಕ್ಕೆ ಅಥವಾ ಒಂದೆರಡು ಇಂಚು ಕೆಳಗೆ ಇರುವ ಮೆತ್ತೆಯ ಸ್ಟೂಲು. ಎರಡಕ್ಕೂ ಅಂಗಡಿಯಲ್ಲಿ ಒಂದೇ ಹೆಸರು. ಭಾರತೀಯರ ಮೈ ಅಳತೆಗಳನ್ನು ಕಲೆಹಾಕಿ ದೇಬಕುಮಾರ್ ಚಕ್ರವರ್ತಿ ಅವರು ಸಿದ್ಧಪಡಿಸಿದ ಗ್ರಂಥವನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಆದರೂ ಹೊರದೇಶದ ಕ್ಯಾಟಲಾಗಿನ ಎತ್ತರವನ್ನೇ ನಕಲು ಮಾಡುವ ಚಾಳಿ ಪೂರ್ತಿ ಹೋಗಿಲ್ಲ. ಒಂದು ಮನೆಗೆ ಪುಸ್ತಕವೂ ಬೇಡ. ನಾಲ್ಕು ಜನರ ಮಂಡಿ, ಮೊಣಕೈ ಅಳೆದು ಒಂದು ಚೀಟಿಯಲ್ಲಿ ಬರೆದರೆ ಆಯಿತು. ಆ ಚೀಟಿ ಬೇರೆ ಯಾರ ಮನೆಯಲ್ಲೂ ಇರುವುದಿಲ್ಲ, ಹಾಗಾಗಿ ಅದರಿಂದ ಹುಟ್ಟುವ ಮೇಜೂ ಇರುವುದಿಲ್ಲ.

ಹಾಗಾದರೆ ಒಬ್ಬೊಬ್ಬರಿಗೂ ಒಂದೊಂದು ಮಾಡಿಸಿದರೆ ಹಾಲ್ ಗೋದಾಮಾಗುವುದಿಲ್ಲವೇ? ಜರ್ಮನಿಯ ಉಲ್ಮ್ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ಈ ಲೆಕ್ಕವನ್ನು ಚೆಂದವಾಗಿ ಬಿಡಿಸಿದರು. ಯುದ್ಧ ಮುಗಿದು ಹೆಚ್ಚು ವರ್ಷವಾಗಿರಲಿಲ್ಲ, ದುಡ್ಡಿಲ್ಲ. 1954ರಲ್ಲಿ ಮ್ಯಾಕ್ಸ್ ಬಿಲ್ ಮತ್ತು ಹ್ಯಾನ್ಸ್ ಗುಗೆಲೊ ಮೂರು ಹಲಗೆ, ಕೆಳಗೆ ಒಂದು ದುಂಡು ಕೋಲು ಇಷ್ಟರಲ್ಲೇ ಒಂದು ಸ್ಟೂಲು ಮಾಡಿದರು. ನೆಟ್ಟಗೆ ನಿಲ್ಲಿಸಿದರೆ ಸುಮಾರು 17 ಇಂಚು, ಕೂರಬಹುದು. ಮಗ್ಗುಲಿಗೆ ಹೊರಳಿಸಿದರೆ ಎತ್ತರ ಬದಲಾಗುತ್ತದೆ. ಹಾಸಿಗೆಯ ಪಕ್ಕಕ್ಕೆ ಮೇಜಾಯಿತು. ಬೋರಲು ಹಾಕಿದರೆ ಪುಸ್ತಕ ತುಂಬಿಸಿ ಕೋಲು ಹಿಡಿದು ಇನ್ನೊಂದು ಕೋಣೆಗೆ ಎತ್ತಿಕೊಂಡು ಹೋಗಬಹುದು. ವಿದ್ಯಾರ್ಥಿಗಳು ಅದನ್ನು ತರಗತಿಯಿಂದ ತರಗತಿಗೆ ಹೊತ್ತು ತಿರುಗುತ್ತಿದ್ದರು. ಇದನ್ನೇ ನಮ್ಮ ಅಳತೆಗೆ ಬಗ್ಗಿಸಿಕೊಂಡರೆ ಒಂದೇ ಸಾಮಾನು ಬೆಳಿಗ್ಗೆ ತಾತನ ಕಾಫಿಗೆ, ಮಧ್ಯಾಹ್ನ ತಾಯಿಯ ಕಾಲಿಗೆ, ಸಂಜೆ ನೆಲದ ಮೇಲೆ ಕೂತ ಮಗುವಿನ ಬರವಣಿಗೆಗೆ. ಐರ್ಲೆಂಡ್ ಮೂಲದ ಐಲೀನ್ ಗ್ರೇ 1920ರ ದಶಕದಲ್ಲಿ ಮಾಡಿದ ಮೇಜು ಇನ್ನೊಂದು ದಾರಿ ತೋರುತ್ತದೆ. ಉಕ್ಕಿನ ಕೊಳವೆ ಬಗ್ಗಿಸಿದ ಅದರ ಪಾದ ಮಂಚದಡಿಗೆ ಜಾರುತ್ತದೆ, ಹಲಗೆ ಮಡಿಲಿನ ಮೇಲೆ ಬರುತ್ತದೆ, ಎತ್ತರವನ್ನೂ ಏರಿಸಿ ಇಳಿಸಬಹುದು. ಹಾಸಿಗೆಯಲ್ಲೇ ತಿಂಡಿ ತಿನ್ನುವ ತಂಗಿಗಾಗಿ ಮಾಡಿದ್ದೆಂದು ಹೇಳುತ್ತಾರೆ. ಸೋಫಾದಡಿ ಪಾದ ತೂರಿಸಬಹುದಾದ ಇಂಥ ಮೇಜು ಹಾಲ್‌ನ ಒಂದು ಚದರಡಿಯನ್ನೂ ತಿನ್ನುವುದಿಲ್ಲ.

ಕೊಳವೆ ಬಗ್ಗಿಸುವವರಿಗೆ ಈ ಕಡೆ ಕೊರತೆಯಿಲ್ಲ. ಸುಂಕದಕಟ್ಟೆಯ ಪೂರ್ವಕ್ಕೆ ಕಾಮಾಕ್ಷಿಪಾಳ್ಯ, ಉತ್ತರಕ್ಕೆ ಪೀಣ್ಯ. ನಡುವಿನ ಗಲ್ಲಿಗಳಲ್ಲಿ ಲೇತು, ವೆಲ್ಡಿಂಗು, ಪೌಡರ್ ಕೋಟಿಂಗಿನ ಸಣ್ಣ ಶೆಡ್ಡುಗಳು. ಪೌಡರ್ ಕೋಟಿಂಗ್ ಎಂದರೆ ಬಣ್ಣದ ಒಣ ಪುಡಿಗೆ ವಿದ್ಯುದಾವೇಶ ಕೊಟ್ಟು ಲೋಹದ ಮೇಲೆ ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಕೆಲವು ನಿಮಿಷ ಬೇಯಿಸುವುದು. ಬ್ರಷ್ಷಿನ ಪೇಂಟಿನಂತೆ ಅದು ಬೇಗ ಸುಲಿದು ಬರುವುದಿಲ್ಲ. ಯಂತ್ರದ ಬಿಡಿಭಾಗಕ್ಕೆ ಮಾಡುವ ಅದೇ ಕೆಲಸವನ್ನು ಮೇಜಿನ ಕಾಲಿಗೂ ಮಾಡುತ್ತಾರೆ. ಒಂದೇ ಜೊತೆ ಕಾಲಿಗೆಂದು ಒಲೆ ಹಚ್ಚುವುದಿಲ್ಲ, ದೊಡ್ಡ ಆರ್ಡರಿನ ಬಣ್ಣದ ಜೊತೆ ಸೇರಿಸುತ್ತಾರೆ. ಆದ್ದರಿಂದ ಬಣ್ಣದ ಆಯ್ಕೆಯಲ್ಲಿ ಹಟ ಬೇಡ.

ಕಾರ್ಖಾನೆಗಳ ಇನ್ನೊಂದು ಕೊಡುಗೆ ಯಂತ್ರಗಳು ಬರುವ ಪೈನ್ ಮರದ ಪೆಟ್ಟಿಗೆ. ಒಡೆದ ಪೆಟ್ಟಿಗೆಯ ಹಲಗೆ ಗುಜರಿಯಲ್ಲಿ ಸಿಗುತ್ತದೆ, ಎಳೆ ನೇರ, ಕೆಲಸಕ್ಕೆ ಮೃದು. ಕೊಳ್ಳುವ ಮುಂಚೆ ಅದರ ಮೇಲಿನ ಮುದ್ರೆ ನೋಡಬೇಕು. ದೇಶದಿಂದ ದೇಶಕ್ಕೆ ಹೋಗುವ ಮರಕ್ಕೆ ಹುಳು ಸಾಯುವಂತೆ ಸಂಸ್ಕಾರ ಮಾಡಿ ಮುದ್ರೆ ಒತ್ತುವುದು ಅಂತರರಾಷ್ಟ್ರೀಯ ನಿಯಮ. "ಎಚ್‌ಟಿ" ಎಂದಿದ್ದರೆ ಮರದ ತಿರುಳು 56 ಡಿಗ್ರಿ ಮುಟ್ಟಿ ಅರ್ಧ ಗಂಟೆ ಇರುವಂತೆ ಕಾಯಿಸಿದ್ದು, ಬಳಸಬಹುದು. "ಎಂಬಿ" ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದು ಮನೆಯೊಳಗೆ ಬೇಡ, ಮಕ್ಕಳ ಕೈಗಂತೂ ಬೇಡವೇ ಬೇಡ.

ಬಣ್ಣದ ಚೆಲುವು ಬೇಕೆನ್ನುವವರು ಮೈಸೂರು ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಹಾಲೆ ಮರದ ತುಂಡನ್ನು ಲೇತಿಗೆ ಹಚ್ಚಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಗರಿಯಿಂದ ತೀಡಿ ಹೊಳಪು. ಆಟಿಕೆಗೆ ಹೆಸರಾದ ಈ ಕೈಗಳು ಸ್ಟೂಲಿನ ಕಾಲನ್ನೂ ಕಡೆಯಬಲ್ಲವು. ಒಂದೇ ಎಚ್ಚರಿಕೆ: ಯಾವ ಬಿಸಿಗೆ ಅರಗು ಹಿಡಿಯಿತೋ ಅದೇ ಬಿಸಿಗೆ ಬಿಡುತ್ತದೆ. ಅರಗಿನ ಮೇಲ್ಮೈಗೆ ಈಗ ತಾನೇ ಇಳಿಸಿದ ಕಾಫಿಯ ಸ್ಟೀಲ್ ಲೋಟ ಇಟ್ಟರೆ ಉಂಗುರದ ಗುರುತು ಖಂಡಿತ. ಅರಗು ಕಾಲಿಗೆ, ಬರಿ ಮರ ಅಥವಾ ಸನ್ಮೈಕಾ ತಲೆಗೆ. ಗಟ್ಟಿ ಮರದ ಹಲಗೆಯಾದರೆ ಅದು ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಅಲ್ಲ. ಅಡಿಪಟ್ಟಿಯನ್ನು ಮೊಳೆ ಬಡಿದು, ಅಂಟು ಹಾಕಿ ಅಲುಗದಂತೆ ಬಿಗಿದರೆ ಹಲಗೆ ಸೀಳುತ್ತದೆ. ಹಲಗೆಯಡಿ ಗಾಡಿ ತೋಡಿ ಪಟ್ಟಿಯನ್ನು ಅದರೊಳಗೆ ಜಾರಿಸಿ ಕೂರಿಸಿದ ಹಳೆಯ ಮಣೆಗಳು ತಲೆಮಾರು ಕಂಡರೂ ಸೀಳದಿರುವ ಗುಟ್ಟು ಇದೇ. ಮರ ಯಾವುದೆಂದು ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಗುರುತಿಸಿ ಹೇಳುತ್ತದೆ.

ಇದೆಲ್ಲ ಓದಿ ಪಿಯುಸಿಯ ಹುಡುಗನೋ ಹುಡುಗಿಯೋ "ನಾನು ಇದನ್ನೇ ಓದ್ತೀನಿ" ಎಂದರೆ ಮನೆಯಲ್ಲಿ ಏಳುವ ಮೊದಲ ಮಾತು, "ಬಡಗಿ ಕೆಲಸಕ್ಕೂ ಡಿಗ್ರಿ ಬೇಕಾ?" ಎರಡು ಬಾಗಿಲುಗಳಿವೆ. ಐಟಿಐಯ ಬಡಗಿ ವೃತ್ತಿ ತರಬೇತಿ ಒಂದು ವರ್ಷದ್ದು. ಇನ್ನೊಂದು ವಿನ್ಯಾಸ ಪದವಿ, ನಾಲ್ಕು ವರ್ಷ. ಐಐಟಿಗಳ ವಿನ್ಯಾಸ ಪದವಿಗೆ ಬಾಂಬೆ ಐಐಟಿ 2015ರಿಂದ ಯುಸೀಡ್ ಪರೀಕ್ಷೆ ನಡೆಸುತ್ತಿದೆ. ವಿಜ್ಞಾನ, ವಾಣಿಜ್ಯ, ಕಲೆ, ಯಾವುದನ್ನು ಓದಿದವರೂ ಬರೆಯಬಹುದು, ಚಿತ್ರ ಬಿಡಿಸುವುದೂ ಅದರಲ್ಲಿದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದರದೇ ಪ್ರವೇಶ ಪರೀಕ್ಷೆ. ತುಮಕೂರು ರಸ್ತೆಯಲ್ಲಿರುವ ಅದರ ಬೆಂಗಳೂರು ಆವರಣದಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ವಿಚಿತ್ರವೆಂದರೆ ಈ ಎರಡು ಬಾಗಿಲುಗಳಿಂದ ಒಳಹೊಕ್ಕವರು ಒಬ್ಬರನ್ನೊಬ್ಬರು ಭೇಟಿಯಾಗುವುದೇ ಅಪರೂಪ. ಕೊರೆಯಬಲ್ಲ ಹುಡುಗನಿಗೆ ಯಾರೂ ಚಿತ್ರ ಬರೆ ಎನ್ನುವುದಿಲ್ಲ. ಚಿತ್ರ ಬರೆಯುವವನಿಗೆ ಉಳಿಯ ಕಾವು ಅಂಗೈಗೆ ತಾಗಿರುವುದಿಲ್ಲ. ತಾತನ ಬಾಚಿ, ಉಳಿ ಅಟ್ಟದ ಮೇಲೆ ತುಕ್ಕು ಹಿಡಿಯುತ್ತಿರುವ ಮನೆಯ ಮಗು ವಿನ್ಯಾಸ ಓದಲು ಹೊರಟರೆ ತಂದೆತಾಯಿ ನಾಚಿಕೆಪಡುವುದರಲ್ಲಿ ಅರ್ಥವಿಲ್ಲ. ಆ ಮಗು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ.

ಪರೀಕ್ಷೆಗೆ ಮುಂಚೆ ರಜೆಯಲ್ಲಿ ಒಂದು ಪ್ರಯೋಗ ಮಾಡಬಹುದು. ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ನಿಜವಾದ ಅಳತೆಯಲ್ಲೇ ಮೇಜಿನ ಮಾದರಿ ಮಾಡಿ ಹಾಲ್‌ನಲ್ಲಿ ಒಂದು ವಾರ ಇಟ್ಟು ನೋಡುವುದು. ಯಾರು ಎಡವುತ್ತಾರೆ, ಯಾರು ಎಲ್ಲಿ ಏನಿಡುತ್ತಾರೆ, ಎಷ್ಟು ಸಲ ಅದನ್ನು ಸರಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳುವುದು. ಆಮೇಲಷ್ಟೇ ಪ್ಲೈವುಡ್ಡು. ಕೊಳ್ಳುವಾಗ ಐಎಸ್ 303ರ ಮುದ್ರೆ ನೋಡಿದರೆ ಒಳಮನೆಗೆ ಸಾಕು. ನೀರಿನಲ್ಲಿ ನೆನೆದರೂ ತಡೆಯುವ ಐಎಸ್ 710 ದುಬಾರಿ, ಮೇಜಿಗೆ ಅದು ಬೇಡ. ಹಾಳೆ 8 ಅಡಿಗೆ 4 ಅಡಿ, ದಪ್ಪ 18 ಮಿಲಿಮೀಟರ್. ಹನ್ನೊಂದೂವರೆ ಇಂಚಿನ ನಾಲ್ಕು ಪಟ್ಟಿ ಸೀಳಿದರೆ ಗರಗಸದ ಹೊಟ್ಟಿಗೂ ಜಾಗ ಉಳಿಯುತ್ತದೆ. ಒಂದೊಂದು ಪಟ್ಟಿಯಲ್ಲಿ 17 ಇಂಚಿನ ಐದು ತುಂಡು, ಒಟ್ಟು ಇಪ್ಪತ್ತು. ಉಲ್ಮ್ ಮಾದರಿಯ ಒಂದು ಸ್ಟೂಲಿಗೆ ಮೂರು ತುಂಡು. ಆರು ಸ್ಟೂಲಿಗೆ ಹದಿನೆಂಟು ಹೋದರೆ ಎರಡು ಉಳಿಯುತ್ತವೆ. ಅವಕ್ಕೆ ಅಡಿಗೆ ಎರಡೆರಡು ಪಟ್ಟಿ ಕೊಟ್ಟರೆ ಎರಡು ಮಣೆ.